ಆರರಲ್ಲಿ ಒಂದು ಸಲ

ಫೆಬ್ರವರಿ ೧೨

ನನ್ನ ದಂಡನಾಯಕಿಗೆ ಅಪ್ಪನ ನೂರು ಆಶೀರ್ವಾದ.

ಹೇಗಿದ್ದೀಯ ಮಗಳೇ? ಕಾಗದ ತಡವಾಯಿತು ಅಂತ ಬೈಕೋಬೇಡ. ಬರೆಯದೇ ತಡವಾದದ್ದಲ್ಲ, ಬರೆದು ಬರೆದು ಹರಿದು ಹಾಕಿ ತಡವಾದದ್ದು. ನಾನು ಜೈಲಿಗೆ ಬಂದು ಒಂದು ವರ್ಷ ಎರಡು ತಿಂಗಳಾಯಿತು. ಇಷ್ಟರಲ್ಲಿ ನಿನಗೆ ಅಂತ ಶುರು ಮಾಡಿದ ಕಾಗದ ಹನ್ನೊಂದೋ ಹನ್ನೆರಡೋ. ಎಲ್ಲವೂ 'ಕ್ಷಮಿಸು' ಅನ್ನುವ ಪದದ ಹತ್ತಿರ ಬಂದು ನಿಂತುಬಿಡುತ್ತಿದ್ದವು. ಆ ಪದ ಆದಮೇಲೆ ಏನು ಬರೆಯಬೇಕು ಅಂತ ಇವತ್ತಿಗೂ ಹೊಳೆದಿಲ್ಲ. ಅದಕ್ಕೇ ಈ ಸಲ ಅದನ್ನು ಪಕ್ಕಕ್ಕಿಟ್ಟು ಬೇರೆ ವಿಷಯ.

ಹೋದ ಭಾನುವಾರ ನಿನ್ನ ಅತ್ತೆ ನೋಡೋಕೆ ಬಂದಿದ್ದಳು. ನೀನು ಯಾಕೆ ಬರಲಿಲ್ಲ ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಎದ್ದು ಹೊರಡುವಾಗ ಮಾತ್ರ, "ಅವಳಿಗೆ ಏನಾದ್ರೂ ಬರಿ. ಮನಸ್ಸಿನ ವಿಷಯ ಬೇಡ. ಆ ನಿಮ್ಮ ಕೋಟೆ ಆಟ ಇತ್ತಲ್ಲ, ಅದನ್ನೇ ಬರಿ" ಅಂದಳು. ನಮ್ಮಕ್ಕನಿಗೆ ಆ ಆಟದ ತಲೆಬುಡ ಗೊತ್ತಿಲ್ಲ. ಒಂಬತ್ತು ವರ್ಷ ಊಟದ ಮೇಜಿನ ಅರ್ಧ ಭಾಗವನ್ನು ಆ ಹಲಗೆ ಆಕ್ರಮಿಸಿಕೊಂಡಿದೆ ಅಂತ ಗೊಣಗಿದ್ದಷ್ಟೇ ಅವಳ ಪಾಲು. ಆದರೂ ಅವಳು ಹೇಳಿದ್ದು ಸರಿ ಅನ್ನಿಸಿತು. ನಿನ್ನ ಅಮ್ಮ ತೀರಿಹೋದ ವರ್ಷ, ನಿನಗೆ ಆಗ ಎಂಟು, ಹಳೇ ಪುಸ್ತಕದ ಅಂಗಡಿಯಿಂದ ಮುಚ್ಚಳ ಹರಿದ ಆ ಡಬ್ಬಿ ತಂದಿದ್ದೆ. ಆವಾಗಲೂ ನಮಗೆ ಬೇರೆ ಮಾತು ಬರುತ್ತಿರಲಿಲ್ಲ. ಕಾಯಿ ನಡೆಸುತ್ತಾ ಕೂತೆವು.

ಹಾಗಾಗಿ, ಆಡೋಣವೇ? ಹಲಗೆ ನಿನ್ನ ಹತ್ತಿರವೇ ಇದೆ. ನಾನಿಲ್ಲಿ ಹಾಳೆಯ ಹಿಂದೆ ಗೆರೆ ಎಳೆದು ಆರು ಮೂಲೆಯ ಮನೆಗಳನ್ನು ಮಾಡಿಕೊಂಡಿದ್ದೇನೆ. ಸೋಪಿನ ಹೊದಿಕೆ ಹರಿದು ಕಾಯಿ. ದಾಳ ಮಾತ್ರ ಇಲ್ಲ. ಇಲ್ಲಿ ದಾಳ ಅಂದರೆ ಜೂಜು, ಸಿಕ್ಕಿಬಿದ್ದರೆ ಹತ್ತು ದಿನ ಒಂಟಿ ಕೋಣೆ. ಅದಕ್ಕೇ ಇಬ್ಬರ ದಾಳವನ್ನೂ ನೀನೇ ಉರುಳಿಸಬೇಕು. ಬಿದ್ದದ್ದನ್ನು ಬರೆದು ಕಳಿಸು. ನೀನು ಬರೆದದ್ದೇ ಬಿದ್ದದ್ದು.

ನಿಯಮ ನೀನು ಮರೆತಿರಲ್ಲ. ಆದರೆ ಈ ಕಾಗದವನ್ನು ನಿನಗಿಂತ ಮೊದಲು ಇಲ್ಲಿ ಟಪಾಲು ನೋಡುವ ಸಾಹೇಬರು ಓದುತ್ತಾರೆ, ಅವರಿಗೆ ತಲೆ ಕೆಡಬಾರದು ಅಂತ ಬರೆಯುತ್ತೇನೆ. ಕೋಟೆ ನಿನ್ನದು, ದಂಡು ನನ್ನದು. ಹತ್ತು ಸುತ್ತಿನೊಳಗೆ ಕೋಟೆ ಬೀಳದಿದ್ದರೆ ನೀನು ಗೆದ್ದೆ. ನುಗ್ಗುವ ಮೊದಲು ಬಲಾಬಲ ನೋಡಬೇಕು. ಬಯಲಲ್ಲಿ ನಿಂತ ಪಡೆಗೆ ಇದ್ದಷ್ಟೇ ಬಲ. ಗೋಡೆ, ಕಂದಕದ ಹಿಂದೆ ಕೂತ ಪಡೆಗೆ ಅದರ ಎರಡರಷ್ಟು. ನನ್ನ ಬಲ ಅದಕ್ಕೆ ಸಮ ಆದರೆ ಆರು ಬಿದ್ದರೆ ಮಾತ್ರ ಗೆಲುವು. ಎರಡು ಪಟ್ಟಿದ್ದರೆ ಐದಕ್ಕೂ ಆರಕ್ಕೂ. ಮೂರು ಪಟ್ಟಿದ್ದರೆ ನಾಲ್ಕಕ್ಕೂ ಗೆಲುವು. ಒಂದು ಬಿತ್ತೋ, ಎಷ್ಟೇ ಬಲವಿರಲಿ, ನುಗ್ಗಿದ ಪಡೆ ಪೂರ್ತಿ ಮಣ್ಣು. ಭಾಗಿಸಿ ಉಳಿದದ್ದೆಲ್ಲ ಕೋಟೆಯವರ ಪಾಲು. ಹನ್ನೊಂದಕ್ಕೆ ನಾಲ್ಕು ಅಂದರೆ ಎರಡು ಪಟ್ಟೇ, ಮೂರಾಗೋಕೆ ಒಂದೇ ಒಂದು ಕಡಿಮೆ ಇದ್ದರೂ ಎರಡೇ. ಈ ನಿಯಮ ಮೊದಲ ಸಲ ಹೇಳಿದ ದಿನ ನೀನು ಕುರ್ಚಿ ಮೇಲೆ ಹತ್ತಿ ಕುಣಿದಿದ್ದೆ.

ಸರಿ, ನನ್ನ ದಾಳಿ. ನದಿಯಾಚೆ ದಡದಲ್ಲಿರುವ ನಿನ್ನ ಹೊರಠಾಣೆ. ಅಲ್ಲಿ ನಿನ್ನ ಬಲ ಎರಡು, ಗೋಡೆ ಇದೆ, ಹಾಗಾಗಿ ನಾಲ್ಕು. ನಾನು ಹನ್ನೆರಡು ತರುತ್ತಿದ್ದೇನೆ. ಮೂರು ಪಟ್ಟು. ಆರರಲ್ಲಿ ಮೂರು ಸಲ ನನ್ನದು. ಎಲ್ಲ ಸರಿ ಇದೆ, ಉರುಳಿಸು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅತ್ತೆಯ ಮಂಡಿನೋವಿನ ಮಾತ್ರೆ ಮುಗಿಯುವ ಮೊದಲೇ ತಂದಿಡು, ಅವಳಾಗಿ ಕೇಳುವವಳಲ್ಲ.

ನಿನ್ನ
ಅಪ್ಪ

———

ಏಪ್ರಿಲ್ ೩

ಮಗಳೇ,

ನಿನ್ನ ಚೀಟಿ ಬಂತು. ಉತ್ತರಕ್ಕೆ ಮೂರು ವಾರ ತೆಗೆದುಕೊಂಡದ್ದಕ್ಕೆ ಕ್ಷಮೆ ಇರಲಿ. ಮೊದಲು ನಗುವ ವಿಷಯ ಹೇಳಿಬಿಡುತ್ತೇನೆ, ಆಮೇಲೆ ಧೈರ್ಯ ಇರುತ್ತೋ ಇಲ್ಲವೋ.

ನನ್ನ ಹಿಂದಿನ ಕಾಗದ ಹೊರಗೆ ಹೋಗುವ ಮೊದಲು ಟಪಾಲಿನ ಸಾಹೇಬರು ನನ್ನನ್ನು ಕರೆಸಿದ್ದರು. ಅವರಿಗೆ ಇಲ್ಲಿ ಎಲ್ಲರೂ 'ಕನ್ನಡಕ' ಅನ್ನೋದು. ಇದನ್ನೂ ಅವರೇ ಓದುತ್ತಾರೆ, ಗೊತ್ತಿದ್ದೇ ಬರೆದೆ. ಮೇಜಿನ ಮೇಲೆ ನನ್ನ ಕಾಗದ, ಅದರ ಮೇಲೆ ಕೆಂಪು ಗೆರೆಗಳು. ಕೋಟೆ ಅಂದರೆ ಯಾವ ಗೋಡೆ, ಆ ಹನ್ನೆರಡು ಜನ ಯಾರು ಯಾರು, ನದಿ ಅಂದರೆ ಹಿಂದಿನ ಮೋರಿಯೋ ಅಂತ ಕೇಳಿದರು. ಸೋಪಿನ ಕಾಗದದ ಸೈನ್ಯವನ್ನು ತಂದು ಅವರ ಮೇಜಿನ ಮೇಲೆ ಹರಡಿ ಒಂದು ಗಂಟೆ ವಿವರಿಸಬೇಕಾಯಿತು. ಕೊನೆಗೆ ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, ಇಷ್ಟೆಲ್ಲ ಲೆಕ್ಕ ಹಾಕಿ ನುಗ್ಗುವ ಬದಲು ಕೋಟೆಗೆ ಹೋಗುವ ಅನ್ನ ನೀರು ನಿಲ್ಲಿಸಿದರೆ ಆಗಲ್ಲವಾ ಅಂದರು. ಆ ನಿಯಮ ಈ ಆಟದಲ್ಲಿಲ್ಲ ಅಂದೆ. ಅವರಿಗೆ ನಿರಾಸೆಯಾಯಿತು.

ಇನ್ನು ನಿನ್ನ ಚೀಟಿ. ನಿನ್ನ ಕೈಬರಹ ನೋಡಿ ಕವರಿನ ಮೇಲೆಯೇ ಎಷ್ಟೋ ಹೊತ್ತು ಬೆರಳಾಡಿಸಿದೆ. ಒಳಗೆ ಇದ್ದದ್ದು ಇಷ್ಟು:

"ನದಿ ಲೆಕ್ಕ ಬಿಟ್ಟಿದ್ದೀರಿ. ದಾಟಿ ನುಗ್ಗಿದರೆ ಅರ್ಧ ಬಲ. ಹನ್ನೆರಡಲ್ಲ, ಆರು. ಸಮಬಲ. ದಾಳ: ಒಂದು. ನುಗ್ಗಿದ್ದೆಲ್ಲ ಹೋಯ್ತು. ನೋಡದೇ ಸರಿ ಇದೆ ಅಂತ ಬರೆಯೋದು ನಿಮ್ಮ ಅಭ್ಯಾಸ."

ಹುಟ್ಟಿದಾಗಿನಿಂದ ನನ್ನನ್ನು 'ನೀನು' ಅಂದವಳು ನೀನು. 'ನೀವು' ಅಂತ ಬರೆಯೋಕೆ ನಿನಗೆ ಎಷ್ಟು ಯೋಚನೆ ಬೇಕಾಯಿತೋ, ಅಥವಾ ಸಲೀಸಾಗಿ ಬಂತೋ ಅಂತ ತಿಳಿಯಲಿಲ್ಲ.

ನೀನು ಬರೆದದ್ದು ಸರಿ. ಆ ದಿನ ಏನಾಯಿತು ಅಂತ ನನ್ನ ಬಾಯಿಂದ ನೀನು ಕೇಳಿಲ್ಲ. ಕೋರ್ಟಿನಲ್ಲಿ ವಕೀಲರು ಕೆಲಸದ ಒತ್ತಡ ಅಂದರು, ಕಂಪನಿ ಬಿಡಿಭಾಗ ಕೊಡಲಿಲ್ಲ ಅಂದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ನಡೆದದ್ದು ಇಷ್ಟೇ. ಆ ದಿನ ನೋಡಬೇಕಿದ್ದ ಲಿಫ್ಟು ಒಂಬತ್ತು, ಅದು ಏಳನೆಯದು. ಬ್ರೇಕು ಇರುವುದು ಮೇಲೆ ಟೆರೇಸಿನ ಮೆಷಿನ್ ರೂಮಿನಲ್ಲಿ. ಅದರ ಬೀಗದ ಕೈ ಕಾವಲುಗಾರನ ಹತ್ತಿರ, ಅವನು ಊಟಕ್ಕೆ ಹೋಗಿದ್ದ. ಕಾಲು ಗಂಟೆ ಕಾಯಬೇಕಿತ್ತು. ಹಿಂದಿನ ತಿಂಗಳು ನೋಡಿದಾಗ ಬ್ರೇಕಿನ ಲೈನಿಂಗ್ ಸವೆದಿತ್ತು, ಬದಲಾಯಿಸಬೇಕು ಅಂದುಕೊಂಡಿದ್ದೆ. ಇನ್ನೊಂದು ತಿಂಗಳು ತಡೆಯುತ್ತೆ ಅಂತ ನಿಂತಲ್ಲೇ ಅಂದಾಜು ಮಾಡಿದೆ. ಹತ್ತರಲ್ಲಿ ಒಂಬತ್ತು ಪಾಲು ಏನೂ ಆಗಲ್ಲ. ಪುಸ್ತಕದಲ್ಲಿ 'ಸರಿ ಇದೆ' ಅಂತ ಬರೆದು ಸಹಿ ಹಾಕಿ ಎಂಟನೆಯದಕ್ಕೆ ಹೋದೆ.

ನನ್ನ ಅಂದಾಜು ತಪ್ಪಿರಲಿಲ್ಲ ಮಗಳೇ, ಅದೇ ನನ್ನನ್ನು ತಿನ್ನುವುದು. ಹತ್ತರಲ್ಲಿ ಒಂಬತ್ತು ಸಲ ಏನೂ ಆಗುತ್ತಿರಲಿಲ್ಲ.

ಒಂಬತ್ತು ದಿನ ಬಿಟ್ಟು ನಿನ್ನ ಗೆಳತಿಯ ಅಮ್ಮ ತರಕಾರಿ ಚೀಲ ಹಿಡಿದು ನಾಲ್ಕನೇ ಮಹಡಿಯಲ್ಲಿ ಒಂದು ಕಾಲು ಹೊರಗಿಟ್ಟರು. ಲಿಫ್ಟಿನಲ್ಲಿ ಒಬ್ಬರೇ ಇದ್ದಾಗ ಹಗ್ಗದ ಆ ತುದಿಗೆ ಕಟ್ಟಿದ ಎದುರಿನ ತೂಕವೇ ಭಾರ. ಬ್ರೇಕು ಹಿಡಿಯದಿದ್ದರೆ ಲಿಫ್ಟು ಕೆಳಗೆ ಬೀಳಲ್ಲ, ಬಾಗಿಲು ತೆರೆದಿದ್ದ ಹಾಗೇ ಮೇಲಕ್ಕೆ ಎಳೆದುಕೊಂಡು ಹೋಗುತ್ತೆ. ಮುಂದಿನದು ನಿನಗೆ ಗೊತ್ತು, ನೀನು ಅವರ ಮನೆಯಲ್ಲೇ ಓದುತ್ತಾ ಕೂತಿದ್ದೆ. ನಿನ್ನ ಅಮ್ಮ ಹೋದಮೇಲೆ ನಾಲ್ಕು ವರ್ಷ ದಿನಾ ಬೆಳಿಗ್ಗೆ ನಿನಗೆ ಜಡೆ ಹಾಕಿದ ಕೈ ಅವರದು. ನನಗೂ ಬರುತ್ತಿರಲಿಲ್ಲ, ಅತ್ತೆ ಹಾಕಿದರೆ ಸೊಟ್ಟ.

ಇಷ್ಟು ಬರೆದೆ. ಇದಕ್ಕೆ ಉತ್ತರ ಕೊಡಬೇಕು ಅಂತಿಲ್ಲ.

ಆಟ ಬಿಡಬೇಡ. ಈ ಸಲ ಬಯಲಿನ ಕಡೆಯ ಠಾಣೆ. ನಿನ್ನ ಬಲ ಮೂರು, ಗೋಡೆ ಇರುವುದರಿಂದ ಆರು. ನನ್ನದು ಹದಿಮೂರು. ನಡುವೆ ನದಿ ಇಲ್ಲ, ಗುಡ್ಡ ಇಲ್ಲ, ಮೂರು ಸಲ ನೋಡಿದ್ದೇನೆ. ಎರಡು ಪಟ್ಟು, ಉಳಿದ ಒಂದು ನಿನ್ನ ಪಾಲು. ಆರರಲ್ಲಿ ಎರಡು ಸಲ ನನಗೆ.

ಎಲ್ಲಿದ್ದರೂ ಚೆನ್ನಾಗಿರು.

ಅಪ್ಪ

———

ಜುಲೈ ೨೦

ನನ್ನ ಬಂಗಾರದ ದಂಡನಾಯಕಿಗೆ,

ಈ ಕಾಗದ ಮಾತ್ರ ತಡವಾಗಿಲ್ಲ ನೋಡು. ನಿನ್ನದು ಬಂದು ಇನ್ನೂ ಎರಡು ಗಂಟೆ ಆಗಿಲ್ಲ.

ಮೇ ತಿಂಗಳಲ್ಲಿ ನಿನ್ನ ಎರಡನೇ ಚೀಟಿ ಬಂದಾಗ, "ದಾಳ: ಎರಡು. ಹಿಂದೆ ಸರಿಯಿರಿ" ಅಷ್ಟೇ ಇತ್ತು. ಹಿಂದೆ ಸರಿದೆ. ಅದೇ ಠಾಣೆಯ ಮೇಲೆ ಮತ್ತೆ ದಾಳಿ ಬರೆದು ಕಳಿಸಿದೆ. ಜೂನ್ ಪೂರ್ತಿ ಏನೂ ಇಲ್ಲ. ಟಪಾಲಿನ ದಿನ ಸಾಲಿನಲ್ಲಿ ನಿಲ್ಲುವುದನ್ನೇ ಬಿಟ್ಟಿದ್ದೆ. ಇವತ್ತು ಸಾಹೇಬರೇ ಮೋಟರ್ ಶೆಡ್ಡಿನ ತನಕ ನಡೆದು ಬಂದು ಕವರು ಕೊಟ್ಟರು.

ಟೈಪ್ ಮಾಡಿದ ಕಾಗದ ನೋಡಿ ಯಾವುದೋ ಕಚೇರಿಯದು ಅಂದುಕೊಂಡೆ. ಬಿಚ್ಚಿದರೆ ಮೊದಲ ಸಾಲೇ "ಅಪ್ಪಾ, ಹೇಗಿದ್ದೀಯ?" ಆ 'ಹೇಗಿದ್ದೀಯ' ನೋಡಿದ ಮೇಲೆ ಉಳಿದದ್ದು ಓದೋಕೆ ನಲ್ಲಿ ಹತ್ತಿರ ಹೋಗಿ ಮುಖ ತೊಳೆದುಕೊಂಡು ಬರಬೇಕಾಯಿತು. ಬಾಗಿಲಿಗೆ ಸಿಕ್ಕಿ ಬೆರಳು ಜಜ್ಜಿದೆ, ಪೆನ್ನು ಹಿಡಿಯೋಕಾಗಲ್ಲ ಅಂತ ಬರೆದಿದ್ದೀಯ. ಮೂಳೆಗೆ ಏನೂ ಆಗಿಲ್ಲ ತಾನೇ? ಡಾಕ್ಟರಿಗೆ ತೋರಿಸು, ಸುಮ್ಮನೆ ಬಟ್ಟೆ ಸುತ್ತಿಕೊಂಡು ಕೂರಬೇಡ. ಕಾಲೇಜು ಚೆನ್ನಾಗಿ ನಡೆದಿದೆ, ಹೊಟ್ಟೆ ತುಂಬ ಊಟ ಮಾಡ್ತಿದ್ದೀನಿ, ನೀನು ಚಳಿಗೆ ಸ್ವೆಟರ್ ಹಾಕ್ಕೋ ಅಂತೆಲ್ಲ ಬರೆದಿದ್ದೀಯ. ಒಂದೂವರೆ ವರ್ಷದಲ್ಲಿ ಎಷ್ಟು ದೊಡ್ಡವಳಾಗಿಬಿಟ್ಟೆ. ಅತ್ತೆಯ ಹಾಗೇ ಮಾತು.

ಆಮೇಲೆ ದಾಳ ಐದು ಬಿದ್ದದ್ದು. ಠಾಣೆ ನನ್ನದಾದದ್ದು.

ನನ್ನ ಪಕ್ಕದ ಹಾಸಿಗೆಯಲ್ಲಿ ಒಬ್ಬರು ಹಿರಿಯರಿದ್ದಾರೆ. ಹೊರಗೆ ಗಡಿಯಾರ ರಿಪೇರಿ ಮಾಡುತ್ತಿದ್ದವರು, ನಾವು ಅವರನ್ನು ಗಡಿಯಾರದಣ್ಣ ಅನ್ನುತ್ತೇವೆ. ಯಾವುದನ್ನೂ ಬಿಚ್ಚಿ ನೋಡದೆ ನಂಬುವವರಲ್ಲ. ನಿನ್ನ ಕಾಗದ ಅವರಿಗೆ ಓದಿ ಹೇಳಿದೆ. ಎರಡು ಸಲ ಕೇಳಿಸಿಕೊಂಡು, "ಒಳ್ಳೆದಾಯ್ತು" ಅಂದರು. ಅಷ್ಟೇ. ಅವರ ಮಗ ಆರು ವರ್ಷದಿಂದ ಬರೆದಿಲ್ಲ, ಪಾಪ, ಅದಕ್ಕೇ ಇರಬೇಕು ಅಂದುಕೊಂಡೆ.

ನನಗೆ ಇಲ್ಲಿ ನೀರಿನ ಮೋಟರು ನೋಡಿಕೊಳ್ಳುವ ಕೆಲಸ ಕೊಟ್ಟಿದ್ದಾರೆ. ಒಂದೊಂದು ನಟ್ಟನ್ನೂ ಕೈಯಲ್ಲಿ ಮುಟ್ಟದೆ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ. ಉಳಿದವರು ನಗುತ್ತಾರೆ. ನಗಲಿ. ಯಾರನ್ನೂ ಉಳಿಸದ ಶಿಸ್ತು ಇದು, ಆದರೂ ಬಿಡೋಕಾಗಲ್ಲ.

ಮುಂದಿನ ದಾಳಿ ಗುಡ್ಡದ ಕೆಳಗಿನ ಠಾಣೆ. ನಿನ್ನದು ನಾಲ್ಕು, ಗೋಡೆಯಿಂದ ಎಂಟು. ನನ್ನ ಹತ್ತಿರ ಅಲ್ಲಿಗೆ ತಲುಪುವುದು ಒಂಬತ್ತೇ. ಸಮಬಲ. ಆರು ಬಿದ್ದರೆ ಮಾತ್ರ. ಮಾಡಬಾರದ ದಾಳಿ, ಆದರೆ ಇವತ್ತು ಮನಸ್ಸು ಹಗುರವಾಗಿದೆ, ಕಾಯಿ ಹೋದರೆ ಹೋಗಲಿ. ನೀನು ಗೆದ್ದು ಹಿಗ್ಗುವುದನ್ನು ನೋಡಿ ಎಷ್ಟು ದಿನವಾಯಿತು.

ನೂರು ವರ್ಷ ಸುಖವಾಗಿ ಬಾಳು.

ನಿನ್ನ
ಅಪ್ಪ

———

ಸೆಪ್ಟೆಂಬರ್ ೯

ಪ್ರೀತಿಯ ಮಗಳೇ,

ನಿನ್ನ ಮೊದಲ ಕಾಗದಕ್ಕೆ ಮುಂದಿನ ಎರಡು ದಾಳಿಯ ಚೀಟಿ ಮಾತ್ರ ಕಳಿಸಿದ್ದೆ, ಎರಡು ಕಾಗದಗಳಿಗೂ ಸೇರಿಸಿ ಈಗ ಉತ್ತರ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಮೈಗೆ ಏನೂ ಆಗಿಲ್ಲ. ನಿದ್ದೆ ಸ್ವಲ್ಪ ಕಡಿಮೆ.

ಗುಡ್ಡದ ಠಾಣೆಗೆ ಆರು ಬಿತ್ತು ಅಂತ ಬರೆದೆ. ಆಮೇಲೆ ಹೆಬ್ಬಾಗಿಲ ಠಾಣೆಗೆ ಐದು, ಉಗ್ರಾಣಕ್ಕೆ ಮತ್ತೆ ಆರು. ಜುಲೈಯಿಂದ ನನಗಾಗಿ ನಾಲ್ಕು ಸಲ ದಾಳ ಉರುಳಿದೆ, ಐದಕ್ಕಿಂತ ಕೆಳಗೆ ಒಂದು ಸಲವೂ ಬಿದ್ದಿಲ್ಲ. ಮೊದಮೊದಲು ಬ್ಯಾರಕ್ಕಿನವರಿಗೆಲ್ಲ ಹೇಳಿಕೊಂಡು ತಿರುಗಿದೆ. ಅಡಿಗೆ ಮನೆಯವನು ನನ್ನ ಕೈ ಹಿಡಿದು ನೋಡಿ ಗೆರೆ ಚೆನ್ನಾಗಿದೆ ಅಂದ.

ಗಡಿಯಾರದಣ್ಣ ಮಾತ್ರ ಒಂದು ಮಧ್ಯಾಹ್ನ ಆರು ಚೀಟಿ ಹರಿದು ಒಂದರಿಂದ ಆರರವರೆಗೆ ಬರೆದು ತಗಡಿನ ಲೋಟಕ್ಕೆ ಹಾಕಿದರು. "ದಾಳ ಬಿಡಲ್ಲ ಅಂದ್ರೆ ಏನಂತೆ, ಲೋಟ ಬಿಡ್ತಾರಲ್ಲ" ಅಂದರು. ಒಂದು ತೆಗೆಯೋದು, ನೋಡಿ ಮತ್ತೆ ಹಾಕೋದು, ಕುಲುಕೋದು. ನಾಲ್ಕು ಸಲ ತೆಗೆದರೆ ಒಂದು ಸುತ್ತು. ನಾಲ್ಕಕ್ಕೆ ನಾಲ್ಕೂ ಐದು ಆರೇ ಬರಬೇಕು. ಮೊದಲ ದಿನ ನಾವಿಬ್ಬರೇ, ಎರಡನೇ ದಿನ ಹನ್ನೊಂದು ಜನ ಸುತ್ತ ಕೂತಿದ್ದರು. ಒಬ್ಬ ಗೋಡೆ ಮೇಲೆ ಗೀಟು ಹಾಕುತ್ತಿದ್ದ. ನಾಲ್ಕನೇ ಚೀಟಿ ತೆಗೆಯುವಾಗ ಎಲ್ಲರೂ ಲೋಟದ ಮೇಲೆ ಬಗ್ಗುತ್ತಿದ್ದರು. ವಾರವಿಡೀ ತೆಗೆದೆವು. ಮುನ್ನೂರು ಸುತ್ತಿನಲ್ಲಿ ನಾಲ್ಕು ಸಲ ಬಂತು.

ಆಮೇಲೆ ಜೂಜಾಡುತ್ತಿದ್ದೇವೆ ಅಂತ ಯಾರೋ ಹೇಳಿ ಕನ್ನಡಕ ಸಾಹೇಬರು ಬಂದು ಲೋಟ ಎತ್ತಿಕೊಂಡರು. ಏನು ನಡೆಯುತ್ತಿದೆ ಅಂತ ಗಡಿಯಾರದಣ್ಣ ವಿವರಿಸಿದರು. ಸಾಹೇಬರು ಗೋಡೆಯ ಗೀಟುಗಳನ್ನು ಒಂದೊಂದಾಗಿ ಎಣಿಸಿದರು. ನಿನ್ನ ಕಾಗದ ಎಲ್ಲವನ್ನೂ ನನಗಿಂತ ಮೊದಲು ಓದಿದವರು ಅವರು. ಕೊನೆಗೆ ಲೋಟವನ್ನು ನನ್ನ ಕೈಗೇ ಕೊಟ್ಟು, "ಮುನ್ನೂರಕ್ಕೆ ನಾಲ್ಕು ಅಂದ್ರೆ ಬೀಳೋದೇ ಇಲ್ಲ ಅಂತಲ್ಲವಲ್ಲ" ಅಂದರು. ಅವರ ದನಿ ಅಷ್ಟು ಮೆತ್ತಗಿದ್ದದ್ದನ್ನು ನಾನು ಕೇಳಿರಲಿಲ್ಲ. ಆ ದನಿ ಕೇಳಿದ ಮೇಲೆ ನಾನು ಮತ್ತೆ ಚೀಟಿ ತೆಗೆಯಲಿಲ್ಲ.

ಇರಲಿ. ಬಿದ್ದಿದ್ದರೂ ಬಿದ್ದಿರಬಹುದು.

ಈಗ ಕೋಟೆ ಮಾತ್ರ ಉಳಿದಿದೆ. ಮೂರು ಬಾಗಿಲು, ಒಂದೊಂದರಲ್ಲೂ ನಿನ್ನ ಬಲ ನಾಲ್ಕು, ಗೋಡೆಯಿಂದ ಎಂಟು. ನನ್ನದು ಒಂದೊಂದು ಕಡೆಗೆ ಒಂಬತ್ತು. ಎಲ್ಲ ಕಡೆಯೂ ಸಮಬಲ. ಬುದ್ಧಿ ನೆಟ್ಟಗಿರುವ ಯಾವನಾದರೂ ಇನ್ನೆರಡು ಸುತ್ತು ಕಾದು, ಪಡೆಯನ್ನೆಲ್ಲ ಒಂದೇ ಬಾಗಿಲಿಗೆ ಸೇರಿಸಿ ಮೂರು ಪಟ್ಟು ಮಾಡಿಕೊಂಡು ನುಗ್ಗುತ್ತಾನೆ. ನಾನು ಕಾಯುವುದಿಲ್ಲ. ಮೂರೂ ಬಾಗಿಲಿಗೆ ಇದೇ ಸುತ್ತಿನಲ್ಲಿ ನುಗ್ಗುತ್ತೇನೆ. ಮೂರಕ್ಕೂ ಆರೇ ಬೀಳಬೇಕು. ಗಡಿಯಾರದಣ್ಣನ ಲೆಕ್ಕದಲ್ಲಿ ಇನ್ನೂರ ಹದಿನಾರರಲ್ಲಿ ಒಂದು ಸಲ.

ದಯವಿಟ್ಟು ದಾಳ ಉರುಳಿಸಿಯೇ ಬರಿ ಮಗಳೇ. ಮೂರು ಸಲ, ಮೇಜಿನ ಮೇಲೆ. ಏನು ಬಿದ್ದರೂ ನನಗೆ ಸಂತೋಷವೇ. ಒಂದು ಬಿದ್ದರಂತೂ ಇನ್ನೂ ಸಂತೋಷ.

ಬೆರಳು ವಾಸಿಯಾಗಿದ್ದರೆ ಒಂದೇ ಒಂದು ಸಾಲು ಕೈಯಲ್ಲಿ ಬರಿ.

ಅಪ್ಪ

———

ನವೆಂಬರ್ ೧೬

ಮಗಳೇ, ಎಂದಿನ ಹಾಗೆ ಆಶೀರ್ವಾದ.

ನಿನ್ನ ಕಾಗದ ಬಂದು ಐದು ವಾರವಾಯಿತು. ಇಷ್ಟು ದಿನ ಉತ್ತರ ಬರೆಯದೆ ಇದ್ದದ್ದು ತಪ್ಪು. ಪೆನ್ನು ಹಿಡಿದು ಕೂತರೆ ಊಟದ ಗಂಟೆ ಹೊಡೆಯುತ್ತಿತ್ತು, ಅಥವಾ ಮೋಟರು ಕೆಡುತ್ತಿತ್ತು, ಅಥವಾ ಎರಡೂ ಆಗದಿದ್ದರೂ ಎದ್ದುಬಿಡುತ್ತಿದ್ದೆ.

"ಆರು, ಆರು, ಆರು. ಕೋಟೆ ನಿನ್ನದು ಅಪ್ಪಾ" ಅಂತ ಬರೆದಿದ್ದೀಯ. ಒಂಬತ್ತು ವರ್ಷದಲ್ಲಿ ಆ ಕೋಟೆ ನನ್ನ ಕೈಗೆ ಸಿಕ್ಕಿದ್ದು ಎರಡೇ ಸಲ, ಅದೂ ಕೊನೆಯ ಸುತ್ತಿನಲ್ಲಿ, ಅರ್ಧ ಸೈನ್ಯ ಕಳೆದುಕೊಂಡು. ಈ ಸಲ ಜುಲೈಯಿಂದ ಈಚೆಗೆ ನನ್ನ ಒಂದು ಕಾಯಿಯೂ ಹೋಗಲಿಲ್ಲ. ಸೋಪಿನ ಕಾಗದದ ತುಂಡುಗಳನ್ನು ಮೂರು ಬಾಗಿಲಿನೊಳಗೆ ಇಟ್ಟೆ. ಗಡಿಯಾರದಣ್ಣ ನೋಡಿದರು. ತಮ್ಮ ಕಂಬಳಿಯನ್ನು ತಂದು ನನ್ನ ಕಾಲ ಮೇಲೆ ಹೊದಿಸಿ ಹೋದರು.

ಬೇಗ ಬಿಡುಗಡೆಗೆ ಹಾಕಿದ್ದ ಅರ್ಜಿಯನ್ನು ಒಂದು ವರ್ಷ ಮುಂದಕ್ಕೆ ಹಾಕಿದ್ದಾರೆ. ಯೋಚನೆ ಮಾಡಬೇಡ. ಇಲ್ಲಿ ಕೆಲಸ ಇದೆ, ಊಟ ಇದೆ, ಮೋಟರು ನನ್ನ ಮಾತು ಕೇಳುತ್ತೆ. ಗೆಳತಿಗೆ ಏನಾದರೂ ಹೇಳು ಅಂತ ಕೇಳುವ ಯೋಗ್ಯತೆ ನನಗಿಲ್ಲ, ಕೇಳುವುದೂ ಇಲ್ಲ. ಅವಳ ಜೊತೆ ನೀನು ಇದ್ದೀಯ ಅಂತ ಅಂದುಕೊಳ್ಳುತ್ತೇನೆ. ಅವಳ ಪಕ್ಕ ಕೂರೋಕೆ ನನ್ನಿಂದ ದೂರ ಇರಬೇಕಾದರೆ ದೂರವೇ ಇರು. ನೀನು ಆರಿಸಿಕೊಂಡದ್ದು ಸರಿಯಾದ ಕಡೆಯನ್ನೇ.

ಓದು ಬಿಡಬೇಡ. ಯಾವ ಕೆಲಸ ಹಿಡಿದರೂ, ಕಾಲು ಗಂಟೆ ಕಾಯಬೇಕಾಗಿ ಬಂದರೆ ಕಾಯಿ. ನಿನ್ನ ಬಾಳು ತಂಪಾಗಿರಲಿ, ನಿನ್ನ ತಲೆ ಮೇಲೆ ಯಾವ ನೆರಳೂ ಬೀಳದಿರಲಿ, ನನ್ನದಂತೂ ಬೀಳದೇ ಇರಲಿ.

ಸದಾ ನಿನ್ನ
ಅಪ್ಪ

ಮತ್ತೆ ಒಂದು ಮಾತು: ಅಕ್ಕಾ, ಇದು ನಿನಗೆ. ಈ ಕಾಗದ ಬಿಚ್ಚಿರೋದು ನೀನೇ ಅಂತ ಗೊತ್ತು. ಜುಲೈಯಿಂದ ಬಿಚ್ಚಿದ್ದೂ ನೀನೇ, ಬರೆದಿದ್ದೂ ನೀನೇ. ಹೋದ ತಿಂಗಳು ನೋಡೋಕೆ ಬಂದಾಗ, ಯಾರ ಬೆರಳು ಅಂತ ಹೇಳದೆ, ಬೆರಳು ವಾಸಿಯಾಯ್ತಾ ಅಂತ ಕೇಳಿದೆ. ನೀನು ನಿನ್ನ ಬೆರಳು ನೋಡಿಕೊಂಡೆ.

ಅವಳು ಎಂಟೊಂಬತ್ತು ವರ್ಷದವಳಿದ್ದಾಗ ದಾಳ ಮಂಚದ ಕೆಳಗೆ ಉರುಳಿ ಹೋದರೆ ಬ್ಯಾಟರಿ ಹಿಡಿದು ತೆವಳಿಕೊಂಡು ಹೋಗಿ, "ಒಂದು ಬಿದ್ದಿದೆ ಅಪ್ಪಾ, ನಿನ್ನ ಸೈನ್ಯ ಸತ್ತೋಯ್ತು" ಅಂತ ಅಲ್ಲಿಂದಲೇ ಕೂಗುತ್ತಿದ್ದಳು. ನನ್ನ ಮೇಲೆ ಎಷ್ಟು ಪ್ರೀತಿ ಇದ್ದಾಗಲೂ ಒಂದೇ ಒಂದು ಸಲ ಬಿದ್ದದ್ದನ್ನು ಬಿಟ್ಟು ಬೇರೆ ಹೇಳಿದವಳಲ್ಲ. ಈಗ ನನಗೆ ಸಾಲಾಗಿ ಆರು ಕೊಡೋಳು ಅವಳಾಗೋಕೆ ಸಾಧ್ಯವೇ ಇಲ್ಲ.

ಬಿಡುಗಡೆ ಸಮಿತಿಯವರು ನನ್ನನ್ನು ಕೂರಿಸಿ ಕೇಳಿದ್ದು ಒಂದೇ ಪ್ರಶ್ನೆ. ಮಗಳು ಸಂಪರ್ಕದಲ್ಲಿದ್ದಾಳಾ, ಹೊರಗೆ ಬಂದರೆ ಮನೆಗೆ ಸೇರಿಸಿಕೊಳ್ತಾಳಾ ಅಂತ. ನೀನು ಟೈಪ್ ಮಾಡಿದ ಕಾಗದ ನಾಲ್ಕೂ ನನ್ನ ಅಂಗಿ ಜೇಬಲ್ಲೇ ಇದ್ದವು. ತೆಗೆದು ಮೇಜಿನ ಮೇಲೆ ಇಟ್ಟಿದ್ದರೆ ಸಾಕಿತ್ತು, ಕನ್ನಡಕ ಸಾಹೇಬರೂ ಅಲ್ಲೇ ಇದ್ದರು, ಇಡಲಿ ಅಂತಲೇ ನನ್ನ ಜೇಬು ನೋಡ್ತಿದ್ದರು. ಇಲ್ಲ, ಅವಳು ಬರೆಯಲ್ಲ ಅಂದೆ. ಇನ್ನೊಂದು ಸಲ ನೋಡದೇ ಸಹಿ ಹಾಕೋಕೆ ಕೈ ಬರಲಿಲ್ಲ ಅಕ್ಕಾ.

ಅವಳು ಮನೆಯಲ್ಲೇ ಇದ್ದಾಳಾ, ಎಲ್ಲಾದರೂ ಹೋದಳಾ ಅಂತ ಕೇಳಲ್ಲ. ನನ್ನ ಕಾಗದ ಬಂದದ್ದು ಅವಳಿಗೆ ಹೇಳಬೇಡ. ನಿನ್ನ ಮೇಲೆ ನನಗೆ ಕೋಪ ಇಲ್ಲ. ನೀನು ಬರೆಯೋದು ನಿಲ್ಲಿಸಬೇಡ, ಹಲಗೆ ಮತ್ತೆ ಹರಡು, ಹೊಸ ಆಟ ಶುರು ಮಾಡೋಣ. ಆದರೆ ಇನ್ನು ಮೇಲೆ ದಾಳ ಉರುಳಿಸಿ ಬಿದ್ದದ್ದನ್ನೇ ಬರಿ. ನನ್ನನ್ನು ಸೋಲಿಸು. ಸೋತ ಕಾಗದ ಬಂದರೆ, ಅವಳೇ ಬರೆದಿರಬಹುದು ಅಂತ ಅರ್ಧ ದಿನ ನಂಬಿಕೊಂಡಿರ್ತೀನಿ.